ನಮ್ಮ ಯಜಮಾನರ ಅವಸರವೂ ಪೆನಾಂಗಿನ ಮೀನಿನ ತಲೆಯೂ

ಮೊನ್ನೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದರೆ, ತಂತಿಯ ಮೇಲೆ ನಮ್ಮ ಯಜಮಾನರ ನೀಲಿ ಚೌಕಳಿ ಶರ್ಟು ನನಗೆ ಬೆನ್ನು ತೋರಿಸಿಕೊಂಡು ಗಾಳಿಗೆ ಬಡಿದಾಡುತ್ತಿತ್ತು. ಒಳಗೆ ಮನುಷ್ಯನೇ ಇಲ್ಲ, ಆದರೂ ಅದಕ್ಕೆ ಎಲ್ಲಿಗೋ ಹೋಗುವ ಅವಸರ. ಆ ಬೆನ್ನಿನ ಪರಿಚಯ ನನಗಿರುವಷ್ಟು ಇನ್ಯಾರಿಗೂ ಇಲ್ಲ. ನಾವು ಮಲೇಷ್ಯಾಕ್ಕೆ ಹೋಗಿ ಬಂದ ಹೊಸದರಲ್ಲಿ, ರಾಮನಗರದ ನಮ್ಮ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, "ಫಾರಿನ್ನಲ್ಲಿ ಏನೇನ್ ನೋಡ್ದೆ?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯ ಶಮೀಮಕ್ಕ ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ಇವರ ಬೆನ್ನು ನೋಡ್ದೆ ಕಣಕ್ಕ" ಎಂದೆ. "ಮಲಾಕಾದಲ್ಲಿ ಬೆನ್ನು, ಪೆನಾಂಗಲ್ಲಿ ಬೆನ್ನು. ಮುಖ ನೋಡಿದ್ದು ಪಾಸ್‌ಪೋರ್ಟ್ ಫೋಟೋದಲ್ಲೇ." ಶಮೀಮಕ್ಕನ ಮನೆಯವರು ರೇಷ್ಮೆ ನೂಲು ಬಿಚ್ಚುವವರು. ಆಕೆ ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡು, "ನಮ್ಮನೇವ್ರೂ ಅಂಗೇಯ" ಎಂದು ಎದ್ದು ಹೋದರು. ಆಕೆಗೇನು, ನಗುತ್ತಾರೆ. ಪಟ್ಟವಳು ನಾನು.

ನಿಮಗೆ ಇದು ಅರ್ಥವಾಗಬೇಕಾದರೆ ನಾನು ಎಂಥ ಮನೆಯಲ್ಲಿ ಉಂಡು ಬೆಳೆದವಳು ಎಂದು ಮೊದಲು ಹೇಳಬೇಕು. ನನ್ನ ತವರು ಸೋಲೂರು. ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರ ಊಟ. ಈಗಿನವರು ಇದನ್ನು ಕೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪವೂ ಇಲ್ಲ, ಗೀಪವೂ ಇಲ್ಲ. ನಿಜವಾದ ಊಟ ಶುರುವಾಗುತ್ತಿದ್ದುದೇ ಆಗ. ಗಂಡಸರಿಗೆ ಬಡಿಸುವಾಗ ನಮ್ಮವ್ವ ಸೌಟನ್ನು ಸಾರಿನ ಮೇಲೆ ಮೇಲೆ ಆಡಿಸುತ್ತಿದ್ದಳು. ಒಳ್ಳೊಳ್ಳೆಯ ತುಂಡುಗಳು ತಳದಲ್ಲಿ ನಮಗಾಗಿ ಕಾದಿರುತ್ತಿದ್ದವು. ಬಾಗಿಲು ಮುಂದೆ ಮಾಡಿಕೊಂಡು, ಒಲೆಯ ಸುತ್ತ ಕಾಲು ನೀಡಿ ಕೂತು, ಅಜ್ಜಿ, ಅವ್ವ, ಇಬ್ಬರು ಚಿಕ್ಕಮ್ಮಂದಿರು, ನಾನು. ಅಜ್ಜಿ ಒಂದು ಮೂಳೆ ಕೈಗೆ ತೆಗೆದುಕೊಂಡರೆ ಅದನ್ನು ಕೆಳಗಿಡುವುದರೊಳಗೆ ಊರಿನ ಒಂದು ಮದುವೆ ಮುರಿದು ಇನ್ನೊಂದು ಕೂಡಿರುತ್ತಿತ್ತು. ಹಲ್ಲಿಲ್ಲದ ಬಾಯಲ್ಲಿ ಅಷ್ಟು ಹೊತ್ತು ಅದನ್ನೇನು ಮಾಡುತ್ತಿದ್ದಳೋ ದೇವರೇ ಬಲ್ಲ. ನಡುವೆ ನಗು ಬಂದರೆ ತುತ್ತು ನೆತ್ತಿಗೇರಿ, ಒಬ್ಬರು ಇನ್ನೊಬ್ಬರ ತಲೆ ತಟ್ಟಿ, ಆ ಗಲಾಟೆಗೆ ಜಗಲಿಯಿಂದ ನಮ್ಮಪ್ಪ "ಏನದು?" ಎಂದು ಗದರಿ, ಒಳಗೆ ಇನ್ನಷ್ಟು ನಗು. ಊಟ ಎಂದರೆ ನನ್ನ ತಲೆಯಲ್ಲಿ ಇವತ್ತಿಗೂ ಅದೇ.

ಇಂಥವಳನ್ನು ಗುಡೇಮಾರನಹಳ್ಳಿಗೆ ಮದುವೆ ಮಾಡಿಕೊಟ್ಟರು. ಗಂಡ ಐಟಿಐ ಓದಿದವರು. ಬಿಡದಿಯ ಸುತ್ತಮುತ್ತ ಹುರುಳಿ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಒಂದರ ಪಕ್ಕ ಒಂದು ತಗಡಿನ ದೊಡ್ಡ ದೊಡ್ಡ ಷೆಡ್ಡುಗಳು ಏಳುತ್ತಿದ್ದ ಕಾಲ ಅದು. ಅಂಥದ್ದೊಂದು ಷೆಡ್ಡಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಇವರಿಗೆ ಕೆಲಸವಾಯಿತು. ನಾವು ರಾಮನಗರದಲ್ಲಿ ಮನೆ ಮಾಡಿದೆವು. ಅಲ್ಲಿಗೆ ನನ್ನ ಊಟ ಮುಗಿಯಿತು.

ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದ್ದು. ನಮ್ಮ ಮನೆಯ ಒಲೆ ಸೂರ್ಯನನ್ನು ನೋಡಿ ಉರಿಯುವುದನ್ನು ಬಿಟ್ಟು ಕಂಪನಿ ಬಸ್ಸನ್ನು ನೋಡಿ ಉರಿಯತೊಡಗಿತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆದರೆ ಇವರು ಅನ್ನವನ್ನೂ ನುಂಗುತ್ತಿದ್ದರು, ಚಪಾತಿಯನ್ನೂ ನುಂಗುತ್ತಿದ್ದರು. ಬಿಡದಿಯ ತಟ್ಟೆ ಇಡ್ಲಿ ತಿನ್ನಲು ಎಲ್ಲೆಲ್ಲಿಂದಲೋ ಜನ ಕಾರು ಮಾಡಿಕೊಂಡು ಬರುತ್ತಾರೆ. ಇವರು ಅದನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮುಗಿಸುತ್ತಿದ್ದರು. ನಾನು ಎರಡನೇ ಸಲ ಸಾರು ತರುವುದರೊಳಗೆ ತಟ್ಟೆಯಲ್ಲೇ ಕೈ ತೊಳೆದು ಎದ್ದಿರುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರೂ ಎದುರು ಬದುರು ಕೂತು ಒಂದು ಊಟ ಪೂರ್ತಿ ಮಾಡಿದ್ದೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಕಾರ್ಖಾನೆಯಲ್ಲಿ ಇವರಿಗೆ ಅದೆಂಥದೋ ತರಬೇತಿ ಕೊಟ್ಟರು. ಕೆಲಸದಲ್ಲಿ ಯಾವುದು ಯಾವುದು ದಂಡ ಎಂದು ಹುಡುಕಿ ತೆಗೆಯುವುದು. ಇವರು ಮನೆಗೆ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಓಡಾಡೋದು ವೇಸ್ಟು ಕಣಮ್ಮಿ. ಕಾಯೋದು ವೇಸ್ಟು. ಉಪ್ಪಿನ್ ಡಬ್ಬಿಗೆ ನೀನು ಅಲ್ಲಿಂದ ಇಲ್ಲೀಗಂಟ ಬತ್ತೀಯಲ್ಲ, ಅದು ದೊಡ್ಡ ವೇಸ್ಟು."

ಮಾರನೆಯ ದಿನ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಕಪಾಟಿನ ತುಂಬ ಹಳದಿ ಟೇಪು ಅಂಟಿಸಿ, ಉಪ್ಪು ಇಲ್ಲಿ, ಸಾಸಿವೆ ಇಲ್ಲಿ ಎಂದು ಪ್ರತಿಯೊಂದು ಡಬ್ಬಿಗೂ ಗೆರೆ ಹಾಕಿಬಿಟ್ಟಿದ್ದರು. ನನ್ನ ಡಬ್ಬಿಗಳು ನನಗೇ ಸಿಗದೆ ಒಂದು ತಿಂಗಳು ಒದ್ದಾಡಿದೆ. ಒಂದು ದಿನ ಕಾಫಿಗೆ ಸಕ್ಕರೆ ಎಂದು ರವೆ ಹಾಕಿದೆ. ಅದನ್ನೂ ಇವರು ಗಟಗಟ ಕುಡಿದು ಬಸ್ಸಿಗೆ ಓಡಿದರು. ರುಚಿ ಗೊತ್ತಾದರಲ್ಲವೇ!

ಹೀಗಿರುವಾಗ ಕಾರ್ಖಾನೆಯವರು ಇವರನ್ನು ಕೆಲವು ವಾರ ಕೌಲಾಲಂಪುರದ ಹತ್ತಿರವಿದ್ದ ತಮ್ಮ ಇನ್ನೊಂದು ಕಾರ್ಖಾನೆಗೆ ಕಲಿಯಲು ಕಳಿಸಿದರು. ಕೆಲಸ ಮುಗಿದ ಮೇಲೆ ಒಂದು ವಾರ ರಜೆ ಸಿಗುತ್ತದೆ, ನೀನೂ ಬಾ ಎಂದು ಫೋನು ಮಾಡಿದರು. "ನಿದಾನಕ್ಕೆ ಅಳೇ ಊರುಗಳ್ನೆಲ್ಲ ನೋಡುವ, ಅಲ್ಲಿ ಊಟ ತಿಂಡಿ ಭಾಳಾ ಚೆನ್ನಾಗೈತೆ" ಎಂದರು. 'ನಿಧಾನಕ್ಕೆ' ಎಂಬ ಮಾತು ಇವರ ಬಾಯಿಂದ ಬಂದದ್ದು ಅದೇ ಮೊದಲು. ಫೋನಿನಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರೋ ಎಂದು ಅನುಮಾನವಾಯಿತು. ಆದರೂ ಆಸೆ ನೋಡಿ. ಬೇರೆ ಯಾರೋ ಮಾಡಿ ಬಡಿಸುವುದು, ನಾನು ಕೂತು ಉಣ್ಣುವುದು, ತೊಳೆಯಲು ಪಾತ್ರೆ ಇಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಒಬ್ಬಳೇ ವಿಮಾನ ಹತ್ತಿದೆ. ಭಯಕ್ಕೆ ಕೈ ಬೆವರುತ್ತಿತ್ತು, ಬಾಯಲ್ಲಿ ಮಾತ್ರ ಆಗಲೇ ನೀರೂರುತ್ತಿತ್ತು.

ಮಲಾಕಾ ಎಂಬುದು ಸಮುದ್ರ ತೀರದ ಹಳೆಯ ಬಂದರು. ಕೆಂಪು ಬಣ್ಣ ಬಳಿದ ಕಟ್ಟಡಗಳು, ನಡುವೆ ಕಂದು ನೀರಿನ ಒಂದು ಹೊಳೆ, ಗುಡ್ಡದ ಮೇಲೆ ಚಾವಣಿ ಇಲ್ಲದ ಒಂದು ಹಳೆಯ ಚರ್ಚು, ಕೆಳಗೆ ಕೋಟೆಯದೊಂದು ಒಂಟಿ ಬಾಗಿಲು. ಕೋಟೆಯೆಲ್ಲ ಹೋಗಿ ಬಾಗಿಲೊಂದೇ ಉಳಿದಿರುವುದನ್ನು ಕಂಡು ನನಗೆ ಏನೋ ಒಂದು ತರಹ ಆಯಿತು. ಚಿಕ್ಕವಳಿದ್ದಾಗ ಮಾಗಡಿಯ ಕೋಟೆ ಗೋಡೆಯ ಮೇಲೆ ಕೂತು ನಾವು ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆವು. ಆ ಕಲ್ಲಿನ ಬಿಸಿ ಲಂಗದೊಳಗಿಂದ ಹತ್ತಿದ್ದು ಇನ್ನೂ ನೆನಪಿದೆ. ಹಾಗೆ ಈ ಬಾಗಿಲಿನ ನೆರಳಲ್ಲೂ ಒಂದು ಗಳಿಗೆ ಕೂರೋಣವೆಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಚೌಕಳಿ ಶರ್ಟು ಬಾಗಿಲು ದಾಟಿ, ಗುಡ್ಡ ಹತ್ತಿ, ಇಳಿದು, ಹೊಳೆಯ ಸೇತುವೆಯ ಮೇಲಿತ್ತು.

"ಮುಗೀತು, ಬಾ ಬಾ" ಎಂದು ಅಲ್ಲಿಂದ ಕೈ ಬೀಸುತ್ತಿದ್ದರು.

"ಏನ್ ಮುಗೀತು?"

"ಕೋಟೆ."

ಅಲ್ಲಿ ಒಂದು ವಿಶೇಷ ಊಟ ಸಿಗುತ್ತದೆ. ಕೋಳಿ ಬೇಯಿಸಿದ ನೀರಿನಲ್ಲಿ ಅನ್ನ ಮಾಡಿ, ಅದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕೋಳಿಯ ಹೋಳಿನ ಜೊತೆ ಕೊಡುತ್ತಾರೆ. ನಾನು ಒಂದುಂಡೆಯನ್ನು ಮುರಿದು, ಒಳಗಿನ ಹಬೆಯನ್ನು ಮೂಸಿ, ಶುಂಠಿಯೋ ಬೆಳ್ಳುಳ್ಳಿಯೋ ಎಂದು ಯೋಚಿಸುತ್ತಿದ್ದೆ. ತಲೆ ಎತ್ತಿದರೆ ಇವರ ತಟ್ಟೆ ಖಾಲಿ. ಉಂಡೆಯಾಗಿದೆಯಲ್ಲ, ಮುದ್ದೆಯ ಹಾಗೆ ಇಡಿಯಾಗಿ ಒಂದಾದ ಮೇಲೊಂದು ನುಂಗಿಬಿಟ್ಟಿದ್ದರು. ಬಡಿಸುವ ಹುಡುಗಿ ಗಾಬರಿಯಾಗಿ ನೀರು ತಂದಿಟ್ಟಳು.

ನಾನೇನೂ ಕಡಿಮೆಯಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಪೆನಾಂಗಿಗೆ ಬಂದಿಳಿದ ದಿನ, ಇಲ್ಲಿಯದನ್ನೆಲ್ಲ ತಿಂದೇ ತೀರುತ್ತೇನೆ ಎಂದು ಜಂಬ ಕೊಚ್ಚಿಕೊಂಡು, ಹಲಸಿನ ತಮ್ಮನಂತೆ ಕಾಣುವ ಮುಳ್ಳು ಮುಳ್ಳು ಡುರಿಯನ್ ಹಣ್ಣನ್ನು ಕೊಯ್ಯಿಸಿದೆ. ನಮ್ಮ ಹಿತ್ತಲ ಹಲಸನ್ನು ತಿಂದು ಬೆಳೆದವಳಿಗೆ ಇದ್ಯಾವ ಲೆಕ್ಕ ಎಂದುಕೊಂಡಿದ್ದೆ. ಒಂದು ತೊಳೆ ಬಾಯಿಗಿಟ್ಟ ಮೇಲೆ ಅದರ ಕೊಳೆತ ನಾತಕ್ಕೆ ನುಂಗಲೂ ಆಗದೆ, ಅಂಗಡಿಯವನ ಎದುರು ಉಗಿಯಲೂ ಆಗದೆ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೆ. ಇವರು ಅವತ್ತು ನಕ್ಕ ನಗು ಎಷ್ಟು ದೂರ ಕೇಳಿಸಿತೋ!

ಪೆನಾಂಗಿನ ಹಳೆಯ ಪೇಟೆ ನನಗೆ ಬಹಳ ಹಿಡಿಸಿತು. ಅಂಗಡಿಗಳ ಮುಂದೆ ಉದ್ದಕ್ಕೂ ಕಂಬಗಳ ಜಗಲಿ, ಮೇಲೆ ಮರದ ಕಿಟಕಿಗಳು, ಒಂದು ಬೀದಿಯಲ್ಲಿ ಊದುಬತ್ತಿಯ ಹೊಗೆ, ಮುಂದಿನ ಬೀದಿಯಲ್ಲಿ ಮಲ್ಲಿಗೆ ಹೂವು, ಅದರಾಚೆ ಮಸೀದಿ. ಕೊನೆಯ ದಿನ ಮಧ್ಯಾಹ್ನ ನಮಗೆ ಕೌಲಾಲಂಪುರದ ಬಸ್ಸಿತ್ತು. ಬೆಳಿಗ್ಗೆಯಿಂದ ನಾನು ಆ ಬೆನ್ನಿನ ಹಿಂದೆ ಓಡಿ ಓಡಿ ಕಾಲು ಬಿದ್ದುಹೋಗಿತ್ತು. ಒಂದು ಮೂಲೆಯಲ್ಲಿ ಸಣ್ಣ ಊಟದ ಅಂಗಡಿ ಕಂಡಿತು. ಬಾಗಿಲಲ್ಲಿ ದಪ್ಪನೆಯ ಒಬ್ಬ ಹೆಂಗಸು ಸಣ್ಣ ಈರುಳ್ಳಿ ಸುಲಿಯುತ್ತ ಕೂತಿದ್ದಳು. ಒಳಗಿನಿಂದ ಹುಣಿಸೆಹುಳಿ, ಕರಿಬೇವು, ಮೀನು ಎಲ್ಲ ಬೆರೆತ ವಾಸನೆ. ನಾನು ಹಾಗೇ ನಿಂತೆ. ಆಕೆ ತಲೆ ಎತ್ತಿ, "ಉಕ್ಕಾರಮ್ಮಾ" ಎಂದಳು. ಕೂತ್ಕೋ ತಾಯಿ ಎಂದು. ತಮಿಳು! ಅಷ್ಟು ದಿನದಲ್ಲಿ ನನಗೆ ಕೂತ್ಕೋ ಎಂದು ಹೇಳಿದ ಮೊದಲ ಪ್ರಾಣಿ ಅವಳು. ನಾನು ಕೂತುಬಿಟ್ಟೆ.

ಅರೆಬರೆ ತಮಿಳಿನಲ್ಲಿ ಏನಿದೆ ಎಂದು ಕೇಳಿದೆ. ಮೀನಿನ ತಲೆಯ ಸಾರು ಎಂದಳು. ಬೋಗುಣಿಯಂಥ ಬಟ್ಟಲಲ್ಲಿ ಬಂತು. ಕೆಂಪು ಸಾರಿನ ನಡುವೆ ಇಡೀ ಒಂದು ತಲೆ, ಸುತ್ತ ಬೆಂಡೆಕಾಯಿ, ಬದನೆಕಾಯಿ. ಅಷ್ಟರಲ್ಲಿ, ಎರಡು ಬೀದಿ ಮುಂದೆ ಹೋಗಿದ್ದ ಇವರು ಹಿಂದಿರುಗಿ ಬಂದರು. ಬಟ್ಟಲನ್ನು ನೋಡಿ ಎದೆಯೊಡೆದ ಹಾಗೆ ನಿಂತರು.

"ಏನಮ್ಮಿ ಇದು? ಇದ್ನ ತಿನ್ನಕ್ಕೆ ಸಂಜೆ ಆಯ್ತದೆ. ಬಸ್ಸಿಗೆ ವೊತ್ತಾಯ್ತು, ಏಳು. ಬ್ರೆಡ್ ತಕಂಡು ಬಸ್ಸಲ್ಲಿ ತಿನ್ನುವ."

"ನಾನು ಏಳಾಕಿಲ್ಲ."

"ಏಳಾಕಿಲ್ವಾ?"

"ಇಲ್ಲ. ನಿದಾನಕ್ಕೆ ಅಂತ ಕರ್ಕಂಡ್ ಬಂದ್ರಿ. ನಾನು ಈಗ ನಿದಾನಕ್ಕೆ ಉಣ್ಬೇಕು. ನಿಮ್ಗೆ ಬಸ್ಸೇ ಹೆಚ್ಚಾದ್ರೆ ಓಗಿ."

"ಓಯ್ತೀನಿ ನೋಡು."

"ಓಗಿ ಅಂದ್ನಲ್ಲ."

ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಇವರ ಮುಖ ಕೆಂಪಾಯಿತು. ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು. ಮೂಲೆಯಲ್ಲಿ ಚೌಕಳಿ ಶರ್ಟು ತಿರುಗಿತು, ಮಾಯವಾಯಿತು.

ನಾನು ಗೆದ್ದೆನೆಂದುಕೊಂಡೆ. ಅನ್ನದ ಮೇಲೆ ಸಾರು ಹಾಕಿಕೊಂಡು ಕಲೆಸಿ ಮೊದಲ ತುತ್ತು ಬಾಯಿಗಿಟ್ಟಾಗ ಹೊಳೆಯಿತು: ಪಾಸ್‌ಪೋರ್ಟು ಆ ಬ್ಯಾಗಿನಲ್ಲಿದೆ, ದುಡ್ಡು ಆ ಬ್ಯಾಗಿನಲ್ಲಿದೆ, ಲಾಡ್ಜಿನ ಹೆಸರು ಬರೆದ ಚೀಟಿ ಆ ಬ್ಯಾಗಿನಲ್ಲಿದೆ. ನನ್ನ ಹತ್ತಿರ ಇದ್ದದ್ದು ಉಟ್ಟ ಸೀರೆ ಮತ್ತು ಮೀನಿನ ತಲೆ. ಎಷ್ಟೋ ವರ್ಷದಿಂದ ಕಾದಿದ್ದ ಊಟ ಎದುರಿಗಿದೆ, ಏಳು ಎನ್ನುವವರು ಯಾರೂ ಇಲ್ಲ, ಆದರೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಎಂಥ ಅನ್ಯಾಯ ನೋಡಿ! ಇದ್ದರೂ ಉಣ್ಣಲು ಬಿಡುವುದಿಲ್ಲ, ಹೋದರೂ ಉಣ್ಣಲು ಬಿಡುವುದಿಲ್ಲ. ಆ ಸಾರಿಗೆ ಉಪ್ಪು ಹೆಚ್ಚಿತ್ತೋ ಕಡಿಮೆಯಿತ್ತೋ ಇವತ್ತು ಕೇಳಿದರೂ ನನಗೆ ಹೇಳಲು ಬರುವುದಿಲ್ಲ.

ಅಂಗಡಿಯಾಕೆ ಈರುಳ್ಳಿಯ ತಟ್ಟೆಯನ್ನು ಎತ್ತಿಕೊಂಡು ಬಂದು ನನ್ನ ಎದುರಿಗೆ ಕೂತಳು. ಗಂಡ ಎಲ್ಲಿ ಎಂದಳು. ಹೋದರು ಎಂದೆ. ಬರುತ್ತಾರೆ ಬಿಡು, ಸಾರು ಆರುತ್ತೆ, ತಿನ್ನು ಎಂದು, ಮೀನಿನ ಕೆನ್ನೆಯ ಭಾಗ ಎಲ್ಲಿದೆ ಎಂದು ಬೆರಳು ತೋರಿಸಿದಳು. ಅಲ್ಲಿಯ ಮಾಂಸ ಬೆಣ್ಣೆಯ ಹಾಗಿತ್ತಂತೆ. ಆಕೆಯೇ ಹೇಳಿದ್ದು, ನನಗೆ ಗೊತ್ತಾಗಲಿಲ್ಲ. ಎಷ್ಟು ಹೊತ್ತಾಯಿತೋ. ಊಟಕ್ಕೆ ಬಂದವರೆಲ್ಲ ಹೋಗಿ ಅಂಗಡಿ ಖಾಲಿಯಾಯಿತು. ನಿಜವಾಗಿಯೂ ಬಸ್ಸು ಹತ್ತಿಬಿಟ್ಟರೇನೋ! ಪೊಲೀಸರ ಹತ್ತಿರ ಹೋಗಿ ಯಾವ ಭಾಷೆಯಲ್ಲಿ ಏನು ಹೇಳುವುದು? ಗಂಡನ ಗುರುತು ಹೇಳು ಎಂದರೆ ಬೆನ್ನು ಬಿಟ್ಟು ಬೇರೆ ಏನು ಹೇಳಲಿ?

ಆಗ ಎದುರಿನ ಜಗಲಿಯಲ್ಲಿ ಚೌಕಳಿ ಶರ್ಟು ಕಂಡಿತು. ನಮ್ಮ ಅಂಗಡಿಯನ್ನು ದಾಟಿ ಹೋಗುತ್ತಿತ್ತು. ಬೀದಿಗಳೆಲ್ಲ ಒಂದೇ ತರಹ ಇರುವ ಆ ಪೇಟೆಯಲ್ಲಿ ನಮ್ಮ ಯಜಮಾನರು ದಾರಿ ತಪ್ಪಿಸಿಕೊಂಡಿದ್ದರು! ಒಂದು ಗಡಿಯಾರದ ಅಂಗಡಿಯ ಮುದುಕನನ್ನು ನಿಲ್ಲಿಸಿ, ಕೈಯನ್ನು ತಮ್ಮ ಭುಜದ ಮಟ್ಟಕ್ಕೆ ಹಿಡಿದು ಇಷ್ಟೆತ್ತರ ಎಂದು ತೋರಿಸಿದರು. ಹೆಗಲ ಮೇಲಿಂದ ಕೈ ಇಳಿಸಿ ಸೆರಗು ಎಂದು ತೋರಿಸಿದರು. ಆಮೇಲೆ ಎರಡೂ ಕೈ ಅಗಲ ಮಾಡಿ ನನ್ನ ಗಾತ್ರ ತೋರಿಸಿದರು. ಅದು ಅಷ್ಟು ಅಗಲ ಬೇಕಾಗಿರಲಿಲ್ಲ. ಮುದುಕ ತಲೆಯಾಡಿಸಿದ. ಇವರು ಮುಂದಿನ ಅಂಗಡಿಗೆ ಹೋಗಿ ಮತ್ತೆ ಅದೇ ಅಭಿನಯ.

"ರೀ!" ಎಂದು ಕೂಗಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಬಂದರು. ಶರ್ಟು ಮೈಗೆ ಅಂಟಿಕೊಂಡಿತ್ತು. ಬೈಯುತ್ತಾರೆಂದು ನಾನೂ ಮಾತು ಜೋಡಿಸಿಕೊಂಡಿದ್ದೆ. ಇವರು ಕುರ್ಚಿಯ ಮೇಲೆ ಕುಸಿದು ಕೂತು, "ಒಸಿ ನೀರು ಕೊಡಮ್ಮಿ" ಎಂದರು. ನೀರು ಕುಡಿದ ಮೇಲೆ, "ಮೂಲೇಲಿ ನಿಂತಿದ್ದೆ, ಎದ್ದು ಬತ್ತೀಯ ಅಂತ. ಬರ್ಲಿಲ್ಲ. ಒಂದ್ ಸುತ್ತು ಓಗಿ ಬರಣ ಅಂತ ಓದೆ. ಆಮೇಲೆ ಅಂಗ್ಡೀನೇ ಸಿಗ್ಲಿಲ್ಲ" ಎಂದರು. ಬಸ್ಸು ಹೋಗಿತ್ತು.

ಅಂಗಡಿಯಾಕೆ ಕೇಳದೆಯೇ ಇವರ ಮುಂದೆ ಎಲೆ ಹಾಕಿ ಅನ್ನ ಬಡಿಸಿ, ಬಟ್ಟಲಿಗೆ ಬಿಸಿ ಸಾರು ಸುರಿದಳು. ಮೀನಿನ ತಲೆಗೆ ಒಂದು ಒಳ್ಳೆಯ ಗುಣವಿದೆ, ಅದನ್ನು ನುಂಗಲು ಬರುವುದಿಲ್ಲ. ಪದರ ಪದರ ಬಿಡಿಸಬೇಕು, ಮುಳ್ಳು ಹುಡುಕಬೇಕು, ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ತಡಕಾಡಬೇಕು. ಇವರು ಎರಡು ಸಲ ಅವಸರ ಮಾಡಿ ಎರಡು ಸಲವೂ ಕೆಮ್ಮಿದರು. ಆಮೇಲೆ ದಾರಿಗೆ ಬಂದರು. ನಡುನಡುವೆ ಮಾತ್ರ ಏನೋ ಕೇಳಿಸಿದ ಹಾಗೆ ತಲೆ ಎತ್ತುತ್ತಿದ್ದರು.

"ಏನು ಅಂಗ್ ನೋಡ್ತೀರಿ?"

"ಏನಿಲ್ಲ. ಫ್ಯಾಕ್ಟ್ರೀಲಿ ಮಿಷನ್ ಲೈನು ಎಲ್ಲಾರ ನಿಂತ್ರೆ ಒಂದು ಟ್ಯೂನ್ ಬತ್ತದೆ ನಮ್ಮಲ್ಲಿ. ಒಂದೊಂದ್ ಲೈನಿಗೆ ಒಂದೊಂದು. ನಮ್ದು ಇಂಗೈತೆ" ಎಂದು, ಮೀನು ಹಿಡಿದ ಕೈ ಹಾಗೇ ಮೇಲಿರುವಂತೆ, ಸಣ್ಣಗೆ ಗುನುಗಿದರು. ಐಸ್‌ಕ್ಯಾಂಡಿ ಗಾಡಿಯ ಸಂಗೀತದಂತೆ, ಮಕ್ಕಳ ಆಟಿಕೆಯೊಳಗಿಂದ ಬರುವ ಸದ್ದಿನಂತೆ ಇತ್ತು. ನನಗೆ ನಗು ಬಂತು. ಇವರು ನಗಲಿಲ್ಲ.

"ಅದು ಬಂತು ಅಂದ್ರೆ ಎಲ್ರೂ ನಮ್ಮ್ ಕಡೀಕೇ ನೋಡ್ತಾರೆ ಕಣಮ್ಮಿ. ಉಣ್ತಾ ಇದ್ರೂ ತಟ್ಟೆ ಬುಟ್ಟು ಓಡ್ಬೇಕು. ಈಗ ಉಣ್ಣಕ್ ಕುಂತ್ರೆ ಸಾಕು, ಕಿವೀಲಿ ಅದೇ ಬತ್ತದೆ. ಮನೇಲೂ ಬತ್ತದೆ."

ಇಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ, ನಾನು ಬಡಿಸುತ್ತ ನಿಂತಾಗ, ನನಗೆ ಕೇಳಿಸದ ಒಂದು ಹಾಡು ಇವರಿಗೆ ಕೇಳಿಸುತ್ತಿತ್ತು. ನಾನು ಬೈದದ್ದೆಲ್ಲ ಅದರ ಮೇಲೆ ಹೋಗಿ ಬೀಳುತ್ತಿತ್ತೇನೋ. ಮೀನಿನ ಕೆನ್ನೆಯ ಇನ್ನೊಂದು ಪಕ್ಕದ ಮಾಂಸವನ್ನು ಬಿಡಿಸಿ ಇವರ ಎಲೆಗೆ ಹಾಕಿದೆ. ಈ ಸಲ ನಾನೂ ಚೂರು ತಿಂದೆ. ಅಂಗಡಿಯಾಕೆ ಹೇಳಿದ್ದು ನಿಜ, ಬೆಣ್ಣೆಯೇ.

ಸಂಜೆಯ ಬಸ್ಸಿಗೆ ಹೊರಟೆವು. ಜಗತ್ತೇನೂ ಮುಳುಗಲಿಲ್ಲ.

ಅಲ್ಲಿಗೆ ಇವರು ಬದಲಾಗಿಬಿಟ್ಟರು ಎಂದು ನೀವು ತಿಳಿದುಕೊಂಡರೆ ನಿಮಗೆ ನಮ್ಮ ಯಜಮಾನರು ಗೊತ್ತಿಲ್ಲ. ಕೆಲಸದ ದಿನಗಳಲ್ಲಿ ಅದೇ ನುಂಗು, ಅದೇ ಓಟ. ಭಾನುವಾರ ಮಾತ್ರ ಇವರಿಗೆ ಒಂದು ಹೊಸ ಹುಚ್ಚು ಹಿಡಿದಿದೆ. ನನ್ನನ್ನೂ ಜೊತೆಗೇ ಕೂರಿಸಿಕೊಂಡು ಉಣ್ಣುತ್ತಾರೆ. ತಮ್ಮದು ಎಂದಿನಂತೆ ಬೇಗ ಮುಗಿಯುತ್ತದೆ. ಆದರೆ ಏಳುವುದಿಲ್ಲ. ಎಂಜಲು ಕೈ ಒಣಗಿಸಿಕೊಂಡು, ಮೊಣಕಾಲು ಅಲ್ಲಾಡಿಸುತ್ತ, ನನ್ನ ಬಾಯನ್ನೇ ನೋಡುತ್ತ, "ನಿದಾನಕ್ಕೆ ಉಣ್ಣು, ನಂಗೇನು ಅರ್ಜೆಂಟಿಲ್ಲ" ಎನ್ನುತ್ತಾರೆ. ಪರೀಕ್ಷೆಯಲ್ಲಿ ಮೇಷ್ಟ್ರು ತಲೆಯ ಮೇಲೆ ನಿಂತ ಹಾಗೆ. ಹೀಗೆ ನೋಡುತ್ತ ಕೂತರೆ ಯಾವ ಮೂಳೆ ಚೀಪಲು ಮನಸ್ಸು ಬರುತ್ತದೆ ಹೇಳಿ! ತಲೆ ಚಿಟ್ಟು ಹಿಡಿದು ಎರಡೇ ತುತ್ತಿಗೆ ಮುಗಿಸಿ ಏಳುವಂತಾಗುತ್ತದೆ.

ಕಳೆದ ಭಾನುವಾರ ತಡೆಯಲಾರದೆ, ಸಿಟ್ಟಿಗೆ, "ಇನ್ನರ್ಧ ಮುದ್ದೆ ಬೇಕಾಗಿತ್ತು" ಎಂದೆ. ಬಡಿಸಿ ಗೊತ್ತಿಲ್ಲದ ಇವರು ಎದ್ದು ಹೋಗುವ ನೆಪವೊಂದು ಸಿಕ್ಕಿತೆಂದು ಹೊರಗೆ ಹೋಗಿಬಿಡುತ್ತಾರೆ, ನೆಮ್ಮದಿಯಾಗಿ ಉಣ್ಣಬಹುದು ಎಂಬ ಲೆಕ್ಕ ನನ್ನದು. ಇವರು ಎದ್ದರು, ಕೈ ತೊಳೆದರು, ಅಡುಗೆಮನೆಗೆ ಹೋದರು. ಏನೋ ಬಿದ್ದ ಸದ್ದಾಯಿತು. ಮುದ್ದೆಯನ್ನು ಸೌಟಿನಲ್ಲಿಟ್ಟುಕೊಂಡು, ಬೀಳದ ಹಾಗೆ ಇನ್ನೊಂದು ಕೈ ಕೆಳಗೆ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದು ನನ್ನ ತಟ್ಟೆಗೆ ಹಾಕಿದರು. ಅರ್ಧವಲ್ಲ, ಇಡೀ ಒಂದು. ಆಮೇಲೆ ಸಾರು ತಂದರು. ತಂದು ಮತ್ತೆ ಎದುರಿಗೆ ಕೂತರು.

ನನ್ನ ಹೊಟ್ಟೆ ಆಗಲೇ ತುಂಬಿತ್ತು. ಆದರೂ ಉಂಡೆ.